ಸತ್ಯವೂ ಸಮಾಜವೂ: ಇಬ್ಸೆನ್ನನ ನಾಟಕಗಳು

ಒಂದು ಊರಿನ ನೀರು ಕೆಟ್ಟಿದೆಯೆಂಬುದು ಒಬ್ಬನಿಗೆ ಮಾತ್ರ ತಿಳಿದಿದೆ. ಆ ನೀರಿನಿಂದಲೇ ಊರಿನವರ ಜೀವನವು ಸಾಗುತ್ತಿದೆ. ಅವನು ಬಾಯಿ ತೆರೆದರೆ ಊರು ಬಡವಾಗುತ್ತದೆ; ಸುಮ್ಮನಿದ್ದರೆ ನಂಬಿ ಬಂದ ಪರಸ್ಥಳದವರು ರೋಗಕ್ಕೆ ತುತ್ತಾಗುತ್ತಾರೆ. ಅವನೇನು ಮಾಡಬೇಕು? ನೀತಿಗ್ರಂಥದಲ್ಲಿ ಈ ಪ್ರಶ್ನೆಗೆ ಉತ್ತರವು ಸುಲಭ. ಆದರೆ ಆ ಮನುಷ್ಯನಿಗೆ ಹೆಂಡತಿಮಕ್ಕಳನ್ನೂ, ಊರಿನ ಅಧಿಕಾರಿಯಾದ ಅಣ್ಣನನ್ನೂ ಕೊಟ್ಟು, ಅವನನ್ನು ರಂಗಸ್ಥಳದಲ್ಲಿ ನಿಲ್ಲಿಸಿ ಅದೇ ಪ್ರಶ್ನೆಯನ್ನು ಕೇಳಿದರೆ ಉತ್ತರವು ಅಷ್ಟು ಸುಲಭವಾಗಿ ತೋರದು. ಹಾಗೆ ಕೇಳಿದವನು ನಾರ್ವೆ ದೇಶದ ನಾಟಕಕಾರ ಹೆನ್ರಿಕ್ ಇಬ್ಸೆನ್. ಅವನ ನಾಟಕಗಳಲ್ಲಿ ಸತ್ಯಕ್ಕೂ ಸಮಾಜಕ್ಕೂ ನಡೆಯುವ ವ್ಯಾಜ್ಯವನ್ನು ನಾವು ಈ ಹೊತ್ತು ಕೊಂಚ ವಿಚಾರಮಾಡೋಣ.

ಇಬ್ಸೆನ್ನನು ೧೮೨೮ರಲ್ಲಿ ಷೀನ್ ಎಂಬ ಸಣ್ಣ ಪಟ್ಟಣದಲ್ಲಿ ಹುಟ್ಟಿದನು. ತಂದೆಯು ವರ್ತಕನು. ಮಗನಿನ್ನೂ ಬಾಲಕನಾಗಿರುವಾಗಲೇ ವ್ಯಾಪಾರವು ಮುರಿದುಬಿದ್ದು ಮನೆತನದ ಐಶ್ವರ್ಯವೂ ಮರ್ಯಾದೆಯೂ ಒಟ್ಟಿಗೆ ಹೋದುವು. ಹದಿನೈದನೆಯ ವಯಸ್ಸಿನಲ್ಲಿ ಹುಡುಗನು ಔಷಧದ ಅಂಗಡಿಯೊಂದರಲ್ಲಿ ಕೆಲಸ ಕಲಿಯಲು ಸೇರಬೇಕಾಯಿತು. ಹಣವಿರುವಾಗ ಮನೆಗೆ ಬರುವ ಜನ ಹಣ ಹೋದಮೇಲೆ ಹೇಗೆ ಮುಖ ತಿರುಗಿಸುತ್ತಾರೆಂಬುದನ್ನು ಆತನು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ. ೧೮೬೪ರಲ್ಲಿ ನಾಡನ್ನು ಬಿಟ್ಟವನು ಇಪ್ಪತ್ತೇಳು ವರ್ಷಗಳ ಕಾಲ ಇಟಲಿ ಜರ್ಮನಿಗಳಲ್ಲಿದ್ದನು. ಅವನ ಹೆಸರನ್ನು ಲೋಕಕ್ಕೆ ಹರಡಿದ ನಾಟಕಗಳಲ್ಲಿ ಬಹುಭಾಗವು ಹೀಗೆ ದೂರದಲ್ಲಿ ಕುಳಿತು ತನ್ನ ನಾಡನ್ನು ನೆನೆದು ಬರೆದವು.

ಆ ಕಾಲದ ಯೂರೋಪಿನ ರಂಗಭೂಮಿಯಲ್ಲಿ ಮನರಂಜನೆಯೇ ಪ್ರಧಾನವಾಗಿತ್ತು. ೧೮೭೧ರಲ್ಲಿ ಡೆನ್ಮಾರ್ಕಿನ ವಿಮರ್ಶಕ ಗೇಯಾರ್ಗ್ ಬ್ರಾಂಡೆಸನು ಕೋಪನ್‌ಹೇಗನ್ನಿನಲ್ಲಿ ಉಪನ್ಯಾಸಗಳನ್ನು ಮಾಡಿ, ಬಾಳಿನ ಸಮಸ್ಯೆಗಳನ್ನು ಚರ್ಚೆಗೆ ತರದ ಸಾಹಿತ್ಯವು ಜೀವವಿಲ್ಲದ್ದೆಂದು ಸಾರಿದನು. ೧೮೭೫ರಲ್ಲಿ ನಾರ್ವೆಯ ಬ್ಯೋರ್ನ್‌ಸನ್ನನು ದಿವಾಳಿಯಾದ ವರ್ತಕನೊಬ್ಬನನ್ನು ನಾಯಕನನ್ನಾಗಿ ಮಾಡಿ ನಾಟಕ ಬರೆದನು. ಎರಡು ವರ್ಷಗಳ ತರುವಾಯ ಇಬ್ಸೆನ್ನನ ‘ಸಮಾಜದ ಸ್ತಂಭಗಳು’ ಹೊರಬಂದಿತು. ಅದಕ್ಕೆ ಹಿಂದೆ ಪದ್ಯದಲ್ಲಿ ಮಹಾನಾಟಕಗಳನ್ನು ಬರೆದಿದ್ದವನು ಈಗ ಅಂಗಡಿಬೀದಿಯ, ಊಟದ ಮನೆಯ ಮಾತನ್ನು ಕೈಗೆತ್ತಿಕೊಂಡನು. ದಿನಬಳಕೆಯ ಸುಳ್ಳುಗಳನ್ನು ಜನರು ಛಂದಸ್ಸಿನಲ್ಲಿ ಹೇಳುವುದಿಲ್ಲವಷ್ಟೆ!

ಈ ನಾಟಕದ ಬರ್ನಿಕ್ ಎಂಬ ಹಡಗಿನ ಯಜಮಾನನು ಊರಿಗೆಲ್ಲ ದೊಡ್ಡ ಮನುಷ್ಯ. ಯೌವನದ ತನ್ನ ತಪ್ಪನ್ನು ಅಮೆರಿಕೆಗೆ ಹೋದ ಮೈದುನನ ಮೇಲೆ ಹೊರಿಸಿ ಆ ಸುಳ್ಳಿನ ಮೇಲೆ ಕೀರ್ತಿಯನ್ನು ಕಟ್ಟಿಕೊಂಡವನು. ಮೈದುನನು ಹಿಂತಿರುಗಿದಾಗ, ಆತನು ಹತ್ತಲಿರುವ ಹಡಗು ಕೊಳೆತದ್ದೆಂದು ತಿಳಿದೂ ಸುಮ್ಮನಾಗುತ್ತಾನೆ. ತನ್ನ ಮಗನೇ ಗುಟ್ಟಾಗಿ ಆ ಹಡಗನ್ನೇರಿರುವನೆಂದು ಗೊತ್ತಾದಾಗ ಅವನ ಎದೆಯೊಡೆಯುತ್ತದೆ. ಮಗನು ಉಳಿಯುತ್ತಾನೆ, ತಂದೆಯು ನೆರೆದ ಜನರ ಮುಂದೆ ತಪ್ಪೊಪ್ಪಿಕೊಳ್ಳುತ್ತಾನೆ. ಇಲ್ಲಿ ಸತ್ಯವು ಗೆದ್ದಿತು. ಆದರೆ ಇಷ್ಟು ಸುಲಭವಾದ ಗೆಲುವನ್ನು ಇಬ್ಸೆನ್ನನು ಮುಂದೆ ಯಾರಿಗೂ ಕೊಡಲಿಲ್ಲ.

೧೮೭೯ರ ‘ಬೊಂಬೆಯ ಮನೆ’ಯಲ್ಲಿ ನೋರಾ ಎಂಬ ಗೃಹಿಣಿಯು, ತನ್ನ ದಾಂಪತ್ಯವು ಬರಿಯ ಆಟವೆಂದು ಅರಿತು ಗಂಡನನ್ನೂ ಮಕ್ಕಳನ್ನೂ ಬಿಟ್ಟು ಹೊರಡುತ್ತಾಳೆ. ಮೊದಲ ಮುದ್ರಣದ ೮,೦೦೦ ಪ್ರತಿಗಳು ಒಂದು ತಿಂಗಳೊಳಗಾಗಿ ಮಾರಿಹೋದುವು. ಜರ್ಮನಿಯಲ್ಲಿ ನಾಟಕದ ಕೊನೆಯನ್ನು ಬದಲಿಸಬೇಕೆಂಬ ಒತ್ತಾಯವು ಬಂದಿತು. ಬೇರೆಯವರು ಕೆಡಿಸುವುದಕ್ಕಿಂತ ತಾನೇ ಬರೆಯುವುದು ಮೇಲೆಂದು, ಇಬ್ಸೆನ್ನನು ಮನಸ್ಸಿಲ್ಲದೆ ಬೇರೊಂದು ಮುಕ್ತಾಯವನ್ನು ಬರೆದುಕೊಟ್ಟನು. ೧೮೮೧ರ ‘ಪ್ರೇತಗಳು’ ಇನ್ನೂ ದೊಡ್ಡ ಕೋಲಾಹಲವನ್ನೆಬ್ಬಿಸಿತು. ದುರ್ನಡತೆಯ ಗಂಡನ ಮಾನವನ್ನು ಮುಚ್ಚಿಟ್ಟ ಹೆಂಡತಿಯು, ಅದರ ಫಲವನ್ನು ಮಗನ ರೋಗದಲ್ಲಿ ಕಾಣುವ ಕಥೆಯದು. ಪುಸ್ತಕದ ಅಂಗಡಿಗಳು ಪ್ರತಿಗಳನ್ನು ಹಿಂದಕ್ಕೆ ಕಳುಹಿಸಿದುವು. ಕ್ರಿಸ್ಟಿಯಾನಿಯಾದ ನಾಟಕಶಾಲೆಯು ಅದನ್ನು ಮುಟ್ಟಲೊಲ್ಲದೆ ಹೋಯಿತು. ಅದರ ಮೊದಲ ಪ್ರದರ್ಶನವು ೧೮೮೨ರಲ್ಲಿ ಅಮೆರಿಕೆಯ ಷಿಕಾಗೋ ನಗರದಲ್ಲಿ ನಡೆಯಿತು.

ಉದಾರಮತಿಗಳೆಂದು ಹೆಸರಾದವರೂ ತನ್ನ ಕೈಬಿಟ್ಟುದು ಇಬ್ಸೆನ್ನನ ಮನಸ್ಸನ್ನು ಚುಚ್ಚಿತು. ಆ ನೋವಿನ ಫಲವೇ ೧೮೮೨ರ ‘ಜನಶತ್ರು’. ಡಾಕ್ಟರ್ ಸ್ಟಾಕ್‌ಮನ್ನನು ಆರೋಗ್ಯಸ್ನಾನಗಳಿಗೆ ಹೆಸರಾದ ಊರಿನ ವೈದ್ಯಾಧಿಕಾರಿ. ಸ್ನಾನಕ್ಕೆ ಬಂದವರಲ್ಲಿ ಕಾಯಿಲೆಗಳನ್ನು ಕಂಡು, ನೀರನ್ನು ವಿಶ್ವವಿದ್ಯಾನಿಲಯಕ್ಕೆ ಪರೀಕ್ಷೆಗೆ ಕಳುಹಿಸುತ್ತಾನೆ. ಮೇಲಿನ ಕಣಿವೆಯ ಚರ್ಮ ಹದಮಾಡುವ ಕಾರ್ಖಾನೆಗಳಿಂದ ನೀರು ವಿಷವಾಗಿದೆಯೆಂದು ಉತ್ತರ ಬರುತ್ತದೆ. ಊರು ತನ್ನನ್ನು ಕೊಂಡಾಡುವುದೆಂದು ಡಾಕ್ಟರನು ಮಗುವಿನಂತೆ ಹಿಗ್ಗುತ್ತಾನೆ. ಪತ್ರಿಕೆಯ ಸಂಪಾದಕನೂ, ಮನೆಯೊಡೆಯರ ಸಂಘದ ಮುಖಂಡನಾದ ಮುದ್ರಕನೂ ಬೆನ್ನಿಗೆ ನಿಲ್ಲುವುದಾಗಿ ಮಾತು ಕೊಡುತ್ತಾರೆ. ಆಗ ನಗರಾಧ್ಯಕ್ಷನಾದ ಅಣ್ಣನು ಲೆಕ್ಕವನ್ನು ಮುಂದಿಡುತ್ತಾನೆ: ಕೊಳವೆಗಳನ್ನು ಬದಲಿಸಲು ಲಕ್ಷಗಟ್ಟಲೆ ಕ್ರೋನರ್ ಬೇಕು, ಸ್ನಾನಗೃಹವನ್ನು ಎರಡು ವರ್ಷ ಮುಚ್ಚಬೇಕು, ವೆಚ್ಚವು ತೆರಿಗೆದಾರರ ಮೇಲೆ ಬೀಳುವುದು. ಅಲ್ಲಿಗೆ ಮಿತ್ರರೆಲ್ಲರೂ ಜಾರಿಕೊಳ್ಳುತ್ತಾರೆ. ಬಹಿರಂಗ ಸಭೆಯಲ್ಲಿ ಡಾಕ್ಟರನು ಜನಶತ್ರುವೆಂದು ಗೊತ್ತುವಳಿಯಾಗುತ್ತದೆ. ಮನೆಯ ಕಿಟಕಿಗಳಿಗೆ ಕಲ್ಲು ಬೀಳುತ್ತದೆ. ಮಗಳ ಉಪಾಧ್ಯಾಯಿನಿಯ ಕೆಲಸ ಹೋಗುತ್ತದೆ. ಡಾಕ್ಟರನು ಊರು ಬಿಡುವುದಿಲ್ಲ. ಬೀದಿಯ ಹುಡುಗರಿಗೆ ಪಾಠ ಹೇಳುವೆನೆಂದು ನಿಲ್ಲುತ್ತಾನೆ. ನಮ್ಮ ಹರಿಶ್ಚಂದ್ರನ ಕಥೆಯಲ್ಲಿ ಸತ್ಯವಂತನ ಕಷ್ಟಕ್ಕೆ ಕೊನೆಯಲ್ಲಿ ದೇವತೆಗಳು ಬಂದು ಒದಗುತ್ತಾರೆ. ಇಲ್ಲಿ ಯಾವ ದೇವತೆಯೂ ಬರುವುದಿಲ್ಲ.

ಇಷ್ಟರಿಂದ ಡಾಕ್ಟರನು ಹೇಳಿದುದೆಲ್ಲವೂ ಸರಿಯೆಂದು ನಾವು ತಿಳಿಯಬೇಕಾಗಿಲ್ಲ. ನೀರಿನ ವಿಷಯಕ್ಕೆಂದು ಸಭೆ ಕರೆದವನು, ಅಲ್ಲಿ ಬಹುಜನರೆಲ್ಲ ಮೂಢರೆಂದು ಹಳಿಯತೊಡಗುತ್ತಾನೆ. ನೀರಿನಲ್ಲಿ ವಿಷವುಂಟೇ ಇಲ್ಲವೇ ಎಂಬುದು ಕೈಯೆತ್ತಿ ತೀರ್ಮಾನಿಸುವ ಮಾತಲ್ಲ, ನಿಜ. ಆದರೆ ಕೊಳವೆಯನ್ನು ಬದಲಿಸಲು ಊರಿನವರ ಕೈ ಬೇಕೇ ಬೇಕು. ಸತ್ಯವನ್ನು ಕಂಡುಹಿಡಿಯಲು ಒಬ್ಬನು ಸಾಕು. ಅದನ್ನು ಕಾರ್ಯಕ್ಕೆ ತರಲು ಹಲವರು ಬೇಕು. ಈ ಎರಡನ್ನೂ ಡಾಕ್ಟರನು ಒಂದೆಂದು ಭ್ರಮಿಸಿದನು. ಅವನ ತಲೆ ತನ್ನದಕ್ಕಿಂತ ಹೆಚ್ಚು ಗೊಂದಲದ್ದೆಂದು ಇಬ್ಸೆನ್ನನೇ ತನ್ನ ಪ್ರಕಾಶಕನಿಗೆ ಕಾಗದ ಬರೆದನು.

ಎರಡು ವರ್ಷಗಳ ಮೇಲೆ ಬಂದ ‘ಕಾಡು ಬಾತು’ ಈ ಪ್ರಶ್ನೆಯನ್ನು ತಿರುಗುಮುರುಗು ಮಾಡಿ ನೋಡುತ್ತದೆ. ಇಲ್ಲಿಯೂ ಒಬ್ಬ ಸತ್ಯವ್ರತನಿದ್ದಾನೆ; ಗ್ರೆಗರ್ಸ್ ಎಂದು ಹೆಸರು. ಸ್ನೇಹಿತನ ಸಂಸಾರವು ಹಳೆಯ ಗುಟ್ಟೊಂದರ ಮೇಲೆ ನಿಂತಿದೆಯೆಂದು ಅರಿತು, ಅದನ್ನು ಬಯಲುಮಾಡಿದರೆ ದಾಂಪತ್ಯವು ಶುದ್ಧವಾಗುವುದೆಂದು ಹೊರಡುತ್ತಾನೆ. ಸ್ನೇಹಿತನು ಮಗಳು ತನ್ನವಳಲ್ಲವೇನೋ ಎಂದು ಶಂಕಿಸಿ ದೂರ ತಳ್ಳುತ್ತಾನೆ. ತಂದೆಯ ಪ್ರೀತಿಗಾಗಿ ಏನನ್ನಾದರೂ ತ್ಯಾಗಮಾಡೆಂಬ ಗ್ರೆಗರ್ಸನ ಬೋಧೆಯನ್ನು ಕೇಳಿದ ಹೆಡ್ವಿಗ್ ಎಂಬ ಆ ಹುಡುಗಿಯು, ಹದಿನಾಲ್ಕು ತುಂಬುವ ವಯಸ್ಸಿನಲ್ಲಿ ತನ್ನ ಪ್ರಾಣವನ್ನೇ ಕಳೆದುಕೊಳ್ಳುತ್ತಾಳೆ.

ಹಾಗಾದರೆ ಇಬ್ಸೆನ್ನನು ತನ್ನ ಮಾತನ್ನು ಹಿಂದೆಗೆದುಕೊಂಡನೇ? ನಮಗೆ ಹಾಗೆ ತೋರುವುದಿಲ್ಲ. ಡಾಕ್ಟರನ ಸತ್ಯವು ಪರೀಕ್ಷೆಯಿಂದ ಸಿದ್ಧವಾದದ್ದು. ಅದನ್ನು ಮುಚ್ಚಿದರೆ ಅನ್ಯರಿಗೆ ಅಪಾಯ. ಅದರ ಬೆಲೆಯನ್ನು ತೆತ್ತವರು ಅವನೂ ಅವನ ಮನೆಯವರೂ. ಗ್ರೆಗರ್ಸನ ಸತ್ಯದಿಂದ ಯಾವ ಪ್ರಾಣವೂ ಉಳಿಯುವಂತಿರಲಿಲ್ಲ. ಅದರ ಬೆಲೆಯನ್ನು ತೆತ್ತವಳು ಏನನ್ನೂ ಅರಿಯದ ಮಗು. ಸತ್ಯವನ್ನು ನುಡಿಯುವವನು, ಇದರಿಂದ ಯಾರಿಗೆ ರಕ್ಷಣೆ, ಇದರ ವೆಚ್ಚವು ಯಾರ ತಲೆಗೆ ಎಂದು ಮೊದಲು ತನ್ನನ್ನೇ ಕೇಳಿಕೊಳ್ಳಬೇಕು. ಎರಡು ನಾಟಕಗಳನ್ನೂ ಒಟ್ಟಿಗೆ ಓದಿದವರಿಗೆ ದೊರೆಯುವ ವಿವೇಕವಿದು.

ಇಬ್ಸೆನ್ನನು ೧೯೦೬ರಲ್ಲಿ ತೀರಿಕೊಂಡನು. ಆದರೆ ಅವನ ಡಾಕ್ಟರನು ಊರೂರು ತಿರುಗುತ್ತಲೇ ಇದ್ದಾನೆ. ೧೯೫೦ರಲ್ಲಿ ಅಮೆರಿಕೆಯ ಆರ್ಥರ್ ಮಿಲ್ಲರನು ಅವನನ್ನು ತನ್ನ ದೇಶದ ರಂಗಕ್ಕೆ ತಂದನು. ೧೯೮೯ರಲ್ಲಿ ಸತ್ಯಜಿತ್ ರಾಯರು ‘ಗಣಶತ್ರು’ ಎಂಬ ಬಂಗಾಳಿ ಚಲನಚಿತ್ರದಲ್ಲಿ ಸ್ನಾನದ ನೀರಿಗೆ ಬದಲಾಗಿ ದೇವಸ್ಥಾನದ ಚರಣಾಮೃತವನ್ನಿಟ್ಟರು. ಊರು ಬೇರೆಯಾದರೂ ಕಥೆಗೆ ಒಗ್ಗದಿಕೆಯಾಗಲಿಲ್ಲ. ನೀರು ಕೆಟ್ಟಿದೆಯೆಂದವನ ಮೇಲೆ ಕಲ್ಲೆತ್ತುವ ಮುಂಚೆ, ಒಂದು ಲೋಟ ನೀರನ್ನು ಪರೀಕ್ಷೆಗೆ ಕಳುಹಿಸುವಷ್ಟು ತಾಳ್ಮೆಯು ಸಮಾಜಕ್ಕಿದ್ದರೆ, ಇಬ್ಸೆನ್ನನ ಶ್ರಮವು ಸಾರ್ಥಕವಾದಂತೆಯೇ ಸರಿ.