ಬಿಗಿದ ಬಾಯಿಗೆ ಎರಡು ಸೂಜಿ

ತೋರುಬೆರಳು, ನಡುಬೆರಳು, ಉಂಗುರಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ, ಬಾಯಿ ತೆರೆದು ಮುಂದಿನ ಹಲ್ಲುಗಳ ನಡುವೆ ಇಟ್ಟು ನೋಡಿರಿ. ಆರೋಗ್ಯವಂತನ ಬಾಯಿಯಲ್ಲಿ ಮೂರೂ ಹಿಡಿಸುತ್ತವೆ; ಅಂದರೆ ಸುಮಾರು 40 ಮಿಲಿಮೀಟರು. ಈ ಅಳತೆ ಅರ್ಧಕ್ಕೆ ಇಳಿದವನ ಪಾಡೇನು? ತುತ್ತು ಒಳಗೆ ಹೋಗುವುದೇ ಕಷ್ಟ. ಆಕಳಿಸಿದರೆ ಕಿವಿಯ ಬಳಿ ಚುಚ್ಚಿದಂತೆ ನೋವು.

ಈ ತೊಂದರೆಯ ಒಂದು ನೆಲೆ ದವಡೆಯ ಕೀಲು. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದರೆ ಅದರ ಚಲನೆ ತಿಳಿಯುತ್ತದೆ. ಮೊದಲು ದವಡೆಯೆಲುಬಿನ ತಲೆ ಬಾಗಿಲಿನ ತಿರುಗಣಿಯಂತೆ ಇದ್ದಲ್ಲಿಯೇ ತಿರುಗುತ್ತದೆ; ಬಾಯಿ ಇನ್ನೂ ಅಗಲವಾಗಬೇಕಾದರೆ ಮೇಜಿನ ಡ್ರಾಯರಿನಂತೆ ಮುಂದಕ್ಕೆ ಜಾರಬೇಕು. ಎಲುಬಿನ ತಲೆಗೂ ಕಪಾಲದ ಗುಳಿಗೂ ನಡುವೆ ತೆಳುವಾದ ಬಿಲ್ಲೆಯೊಂದು ಉಂಟು. ಅದರ ಮೇಲೂ ಕೆಳಗೂ ಇರುವ ಕೀಲುದ್ರವವೇ ಈ ಯಂತ್ರದ ಕೀಲೆಣ್ಣೆ.

ಜಾರಿಕೆ ನಿಂತಿತೆಂದರೆ ಬಾಯಿ ಅರ್ಧದಲ್ಲಿಯೇ ತಡೆಯುತ್ತದೆ. ಬಿಲ್ಲೆ ಸರಿದು ಬೆಣೆಯಂತೆ ಅಡ್ಡ ನಿಲ್ಲುವುದೇ ಇದಕ್ಕೆ ಕಾರಣವೆಂದು ವೈದ್ಯರು ಬಹುಕಾಲ ತಿಳಿದಿದ್ದರು. ಕೀಲನ್ನು ಕೊಯ್ದು ತೆರೆದು ಅದನ್ನು ಸ್ವಸ್ಥಾನಕ್ಕೆ ಹೊಲಿಯುತ್ತಿದ್ದರು. 1975ರಲ್ಲಿ ಜಪಾನಿನ ಓನಿಶಿ ಈ ಕೀಲಿನೊಳಕ್ಕೆ ಸಣ್ಣ ದರ್ಶಕನಳಿಕೆಯನ್ನು ಇಳಿಸಿ ನೋಡುವ ಕ್ರಮವನ್ನು ವರ್ಣಿಸಿದರು. ಬಳಿಕ ನಳಿಕೆಯ ಮೂಲಕ ಕೀಲನ್ನು ತೊಳೆದ ವೈದ್ಯರಿಗೆ ಒಂದು ಸೋಜಿಗ ಕಂಡಿತು: ಬಿಲ್ಲೆ ಸರಿದಲ್ಲಿಯೇ ಉಳಿದಿದ್ದರೂ ಬಾಯಿ ತೆರೆಯಿತು! ಹಾಗಾದರೆ ಗುಣಪಡಿಸಿದುದು ತೊಳೆಯುವಿಕೆಯೇ ಅಲ್ಲವೆ? 1991ರಲ್ಲಿ ನಿಟ್ಜಾನ್, ಡಾಲ್ವಿಕ್, ಮಾರ್ಟಿನೆಜ್ ಎಂಬ ಮೂವರು ನಳಿಕೆಯನ್ನೂ ಬಿಟ್ಟು, ಬರಿಯ ಎರಡು ಸೂಜಿಗಳಿಂದ ತೊಳೆಯುವ ವಿಧಾನವನ್ನು ಪ್ರಕಟಿಸಿದರು. ಅದರ ಹೆಸರು ಆರ್ಥ್ರೋಸೆಂಟೆಸಿಸ್.

ಇದರ ಗುಟ್ಟನ್ನು ತಿಳಿಯಲು, ಗಾಜಿಗೆ ಅಂಟಿಸುವ ರಬ್ಬರಿನ ಬಟ್ಟಲನ್ನು ನೆನೆಯಿರಿ. ಒತ್ತಿದಾಗ ಒಳಗಿನ ಗಾಳಿ ಹೊರಹೋಗುತ್ತದೆ. ಹೊರಗಿನ ವಾಯುವಿನ ಒತ್ತಡ ಅದನ್ನು ಗಾಜಿಗೆ ಅದುಮಿ ಹಿಡಿಯುತ್ತದೆ. ಆಗ ಅದು ಕೀಳಲೂ ಬಾರದು, ಜಾರಲೂ ಜಾರದು. ಅಂಚನ್ನು ಕೊಂಚ ಎತ್ತಿ ಗಾಳಿಗೆ ದಾರಿಮಾಡಿದರೆ ತಾನಾಗಿ ಕಳಚುತ್ತದೆ. ಕೀಲುದ್ರವದ ನುಣುಪು ಕೆಟ್ಟಾಗ ಬಿಲ್ಲೆಯೂ ಹೀಗೆಯೇ ಗುಳಿಗೆ ಕಚ್ಚಿಕೊಳ್ಳುವುದೆಂದು ನಿಟ್ಜಾನ್ ಊಹಿಸಿದರು.

ಚಿಕಿತ್ಸೆಯ ಕ್ರಮವೂ ಸರಳ. ಕಿವಿಯ ಮುಂಭಾಗವನ್ನಷ್ಟೇ ಮರಗಟ್ಟಿಸಿ, ಕೀಲಿನ ಮೇಲಿನ ಕೋಶಕ್ಕೆ ಎರಡು ಸೂಜಿಗಳನ್ನು ಇಳಿಸುತ್ತಾರೆ. ಒಂದರಿಂದ ಲವಣದ್ರಾವಣ ಒಳಹೊಕ್ಕು ಇನ್ನೊಂದರಿಂದ ಹೊರಬರುತ್ತದೆ. ಕೋಶದಲ್ಲಿ ಹಿಡಿಸುವುದು ಹೆಚ್ಚುಕಡಿಮೆ ಒಂದು ಮಿಲಿಲೀಟರು; ಹರಿಸುವುದು ನೂರಕ್ಕೂ ಮೇಲೆ. ಹೊರದಾರಿಯನ್ನು ಕ್ಷಣಕಾಲ ಮುಚ್ಚಿದರೆ ಒಳಗಿನ ಒತ್ತಡವೇರಿ ಅಂಟು ಬಿಡುತ್ತದೆ. ಉರಿಯೂತವನ್ನು ಕೆರಳಿಸುವ ದ್ರವ್ಯಗಳೂ ಕೊಚ್ಚಿಹೋಗಿ ನೋವು ತಗ್ಗುತ್ತದೆ. ಅನಂತರ ಕೆಲವು ದಿನ ಮೆತ್ತನೆಯ ಆಹಾರ. ಜೊತೆಗೆ ಬಾಯಿ ತೆರೆಯುವ ವ್ಯಾಯಾಮ.

ಆದರೆ ಇದು ಸರ್ವರೋಗಕ್ಕೂ ಮದ್ದಲ್ಲ. ದವಡೆ ನೋವಿನ ಬಹುಮಂದಿಗೆ ವಿಶ್ರಾಂತಿ, ಶಾಖ, ಔಷಧಿ, ವ್ಯಾಯಾಮಗಳೇ ಸಾಕಾಗುತ್ತವೆ. ಎಲುಬುಗಳೇ ಬೆಸೆದುಕೊಂಡಿದ್ದರೆ ಶಸ್ತ್ರಚಿಕಿತ್ಸೆ ತಪ್ಪದು. ಅಡಕೆ ಬೆಳೆಯುವ ನಮ್ಮ ನಾಡಿನ ತರುಣರು ಇನ್ನೊಂದು ಮಾತನ್ನು ಅರಿತಿರಬೇಕು. ಅಡಕೆ, ಗುಟ್ಕಾಗಳನ್ನು ಅಗಿಯುವವರಲ್ಲಿ ಕೆನ್ನೆಯ ಒಳಪೊರೆ ನಾರುಗಟ್ಟಿ ಬಾಯಿ ಬಿಗಿಯುವುದುಂಟು. ಮುಂದೆ ಅದು ಕ್ಯಾನ್ಸರಿಗೂ ತಿರುಗಬಹುದು. ಅಲ್ಲಿ ಕೀಲು ನಿರಪರಾಧಿ. ಅದನ್ನು ತೊಳೆದು ಫಲವಿಲ್ಲ. ಆದುದರಿಂದ ಮೂರು ಬೆರಳು ಹಿಡಿಸದಿದ್ದರೆ ಕಾರಣವನ್ನು ನೀವೇ ಊಹಿಸುತ್ತ ಕೂಡದೆ ದಂತವೈದ್ಯರಿಗೆ ತೋರಿಸಿರಿ. ಬೀಗ ಯಾವುದೆಂದು ತಿಳಿದ ಮೇಲಲ್ಲವೆ ಬೀಗದಕೈಯ ಮಾತು?