ಸಾಕವ್ವನಿಂದ ರುದ್ರಿಯವರೆಗೆ

ಮಾನ್ವಿ ತಾಲ್ಲೂಕಿನ ನುಗಡೋಣಿಯಲ್ಲಿ ಹುಟ್ಟಿದ ಕಥೆಗಾರ ಅಮರೇಶ ನುಗಡೋಣಿ ಅವರ ‘ಸವಾರಿ’ ಕಥೆಯನ್ನು ಗಿರೀಶ ಕಾಸರವಳ್ಳಿ ‘ಕನಸೆಂಬೋ ಕುದುರೆಯನೇರಿ’ ಎಂಬ ಸಿನಿಮಾ ಮಾಡಿದರು. ಅದಕ್ಕೆ ಅತ್ಯುತ್ತಮ ಕನ್ನಡ ಚಿತ್ರ ಮತ್ತು ಚಿತ್ರಕಥೆಯ ರಾಷ್ಟ್ರಪ್ರಶಸ್ತಿಗಳು ಬಂದವು. ಸಿದ್ಧ ಕನಸಿನಲ್ಲಿ ಕಂಡರೆ ಊರಲ್ಲಿ ಸಾವು ಖಚಿತ ಎಂದು ನಂಬಿದ, ಕುಣಿ ತೋಡುವ ಈರ್ಯಾನಾಗಿ ಬೀದರ್ ಸೀಮೆಯ ವೈಜನಾಥ ಬಿರಾದಾರ ನಟಿಸಿದ್ದರಲ್ಲಿ ಸೋಜಿಗವಿಲ್ಲ. ಅದು ಅವರದೇ ನೆಲ. ಸೋಜಿಗವೆಂದರೆ ಅವನ ಹೆಂಡತಿ ರುದ್ರಿ. ಆ ಪಾತ್ರ ವಹಿಸಿದ ಉಮಾಶ್ರೀ ತುಮಕೂರು ಜಿಲ್ಲೆಯ ನೊಣವಿನಕೆರೆಯವರು. ಆದರೂ ರುದ್ರಿ ದೇವದುರ್ಗ, ಮಾನ್ವಿಯ ಯಾವುದೇ ಕೇರಿಯ ಹೆಣ್ಣುಮಗಳಂತೆಯೇ ಕಾಣುತ್ತಾಳೆ.

ಇದನ್ನು ನಿರ್ದೇಶಕರ ಕೈಚಳಕ ಎನ್ನುವವರಿದ್ದಾರೆ. ಹಾಸ್ಯದ ಪಾತ್ರಗಳಲ್ಲಿ ಕಳೆದುಹೋಗಿದ್ದ ನಟಿಯನ್ನು ಕಾಸರವಳ್ಳಿ ‘ಗುಲಾಬಿ ಟಾಕೀಸ್’ನಲ್ಲಿ ಪತ್ತೆಹಚ್ಚಿದರು, ರಾಷ್ಟ್ರಪ್ರಶಸ್ತಿ ಬಂತು, ಅಲ್ಲಿಂದ ದಾರಿ ತೆರೆಯಿತು ಎಂಬುದು ಅವರ ವಾದ. ಆದರೆ ಎಂಬತ್ತರ ದಶಕದ ರಂಗಭೂಮಿಯನ್ನು ಬಲ್ಲವರಿಗೆ ಈ ಲೆಕ್ಕ ಹೊಂದುವುದಿಲ್ಲ. ದೇವನೂರ ಮಹಾದೇವ ಅವರ ‘ಒಡಲಾಳ’ವನ್ನು ಸಿ.ಜಿ. ಕೃಷ್ಣಸ್ವಾಮಿ ರಂಗಕ್ಕೆ ತಂದಾಗ, ಕಳೆದುಹೋದ ಹುಂಜಕ್ಕಾಗಿ ಹಟ್ಟಿಯನ್ನೆಲ್ಲ ಜಾಲಾಡುವ ಮುದುಕಿ ಸಾಕವ್ವ ಆಗಿ ನಿಂತವರು ಇದೇ ಉಮಾಶ್ರೀ. ಆಗಿನ್ನೂ ಅವರದು ಎಳೆಯ ವಯಸ್ಸು. ಬಾಗಿದ ಬೆನ್ನು, ಬೈಗುಳದ ಏರಿಳಿತ, ಮನೆಮಂದಿಯೆಲ್ಲ ಕೂತು ಕಡಲೆಕಾಯಿ ಸುಲಿದು ತಿನ್ನುವ ರಾತ್ರಿಯ ಸುಖ: ಇಷ್ಟನ್ನು ಮೈಗೂ ನಾಲಿಗೆಗೂ ಕಲಿಸಬೇಕಿತ್ತು. ಅದೂ ನಂಜನಗೂಡು ಸೀಮೆಯ ಮಾತಿನಲ್ಲಿ, ತಮ್ಮೂರಿನದಲ್ಲದ ಲಯದಲ್ಲಿ. ಪರಸೀಮೆಯ ಬಡವಿಯನ್ನು ಒಳಗಿನಿಂದ ಕಟ್ಟುವ ಕಸುಬು ಅಲ್ಲೇ ಸಿದ್ಧವಾಯಿತು. ಮುಂದೆ ಕರಾವಳಿಯ ಸೂಲಗಿತ್ತಿ ಗುಲಾಬಿ, ಬಳಿಕ ಬಡಗಣ ಸೀಮೆಯ ರುದ್ರಿ ಅದೇ ಕಸುಬಿನ ಫಲ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಹಿಂದಿನ ಸಾಲಿನಲ್ಲಿ ಕೂತವರಿಗೂ ಕೇಳಬೇಕಾದ ದನಿ, ಕಾಣಬೇಕಾದ ಕೈಸನ್ನೆ ಕ್ಯಾಮೆರಾದ ಮುಂದೆ ಅತಿಯಾಗುತ್ತದೆ. ಹೀಗಾಗಿ ರಂಗದ ತರಬೇತಿ ಸಿನಿಮಾಕ್ಕೆ ತೊಡಕೇ ಅಲ್ಲವೇ? ಎಷ್ಟೋ ನಟರ ಮಟ್ಟಿಗೆ ಇದು ನಿಜ. ಉಮಾಶ್ರೀ ಇದರಿಂದ ಪಾರಾದದ್ದು, ನನ್ನ ಪ್ರಕಾರ, ನಾವು ಹಗುರವಾಗಿ ನೋಡುವ ಆ ಹಾಸ್ಯ ಪಾತ್ರಗಳಿಂದಲೇ. 1984ರ ‘ಅನುಭವ’ದ ನಂತರ ಎನ್.ಎಸ್. ರಾವ್ ಅವರಂಥವರ ಜೋಡಿಯಾಗಿ ಸಾಲುಸಾಲು ಚಿತ್ರಗಳಲ್ಲಿ ನಗಿಸುತ್ತ, ಒಂದು ಮಾತನ್ನು ಎಲ್ಲಿ ಕತ್ತರಿಸಬೇಕು, ಎದುರಿನವರ ಮಾತಿಗೆ ಎಷ್ಟು ಹೊತ್ತು ಸುಮ್ಮನಿರಬೇಕು ಎಂಬುದನ್ನು ಕ್ಯಾಮೆರಾದ ಅಳತೆಯಲ್ಲಿ ಕಲಿತರು. ಆ ಚಿತ್ರಗಳಲ್ಲಿ ಹಲವು ಅಗ್ಗದವು, ನಿಜ. ಆದರೆ ಚಿತ್ರ ಅಗ್ಗವಾದ ಮಾತ್ರಕ್ಕೆ ಅದರಲ್ಲಿ ಕಲಿತದ್ದು ಅಗ್ಗವಾಗುವುದಿಲ್ಲ.

ದೇವದುರ್ಗ, ಮಾನ್ವಿಯ ನಮ್ಮ ಭಾಗದಲ್ಲಿ ಈ ಮಾತಿಗೆ ಬೇರೆಯೇ ತೂಕವಿದೆ. ಜಾತ್ರೆಯಲ್ಲಿ ಊರ ಗಂಡಸರು ನಾಟಕ ಕಟ್ಟಿ, ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸುವುದು ರೂಢಿ. ರಾತ್ರಿಯಿಡೀ ಶಿಳ್ಳೆ ಹೊಡೆದವರೇ ಬೆಳಗಾದರೆ ಆ ಕಲಾವಿದೆಯರ ಬಗ್ಗೆ ಹಗುರವಾಗಿ ಮಾತಾಡುತ್ತಾರೆ. ಅಭಿನಯವನ್ನು ದುಡಿಮೆಯೆಂದು ಒಪ್ಪದ ಈ ಕಣ್ಣೇ ಉಮಾಶ್ರೀ ಅವರ ನಡುವಣ ವರ್ಷಗಳನ್ನೂ ದಂಡವೆಂದು ಎಣಿಸುತ್ತದೆ. 2013ರಲ್ಲಿ ತೇರದಾಳದಿಂದ ಗೆದ್ದು ಅವರು ಸಂಸ್ಕೃತಿ ಖಾತೆಯ ಸಚಿವೆಯಾದಾಗ ಗೌರವಿಸಿದವರಲ್ಲೂ ಅನೇಕರು ಗೌರವಿಸಿದ್ದು ಕುರ್ಚಿಯನ್ನು. ಉಮಾಶ್ರೀ ಮಾತ್ರ ರಂಗ ಬಿಡಲಿಲ್ಲ: ‘ಶರ್ಮಿಷ್ಠೆ’ ಏಕವ್ಯಕ್ತಿ ನಾಟಕವಾಡಿದರು, 2025ರಲ್ಲಿ ಪೆರ್ಡೂರು ಮೇಳದ ಯಕ್ಷಗಾನದಲ್ಲಿ ಮಂಥರೆಯ ವೇಷ ಕಟ್ಟಿದರು.