ಬೇರು ಸೀಳಿದ್ದು ಎಕ್ಸ್‌ರೇಯಲ್ಲಿ ಏಕೆ ಕಾಣುವುದಿಲ್ಲ?

ಪ್ರಶ್ನೆ: ರೂಟ್ ಕೆನಾಲ್ ಮಾಡಿಸಿದ ಹಲ್ಲಿನ ಬಳಿ ಪದೇ ಪದೇ ಕೀವುಗುಳ್ಳೆ ಏಳುತ್ತಿದೆ. ಬೇರು ಸೀಳಿರಬಹುದು ಎನ್ನುತ್ತಾರೆ ವೈದ್ಯರು. ಎಕ್ಸ್‌ರೇಯಲ್ಲಿ ಏನೂ ಇಲ್ಲವಲ್ಲ?

ಉತ್ತರ: ನಿಮ್ಮ ವೈದ್ಯರ ಅನುಮಾನಕ್ಕೆ ಆಧಾರವಿದೆ. ಬೇರಿನ ಉದ್ದಕ್ಕೂ ಬೀಳುವ ಸೀಳು ಬಹಳ ಸಣ್ಣದು; ಎಕ್ಸ್‌ರೇ ಕಿರಣ ಅದರ ನೇರಕ್ಕೇ ಹಾದುಹೋದರೆ ಮಾತ್ರ ಗೆರೆ ಮೂಡುತ್ತದೆ. ಮೂರು ಆಯಾಮದ ಚಿತ್ರ ಕೊಡುವ ಸಿಬಿಸಿಟಿ ಸ್ಕ್ಯಾನ್ ಕೂಡ ಖಾತ್ರಿಯಲ್ಲ. ಬೇರಿನೊಳಗೆ ತುಂಬಿದ ಗಟ್ಟಾ ಪರ್ಚಾ ಎಂಬ ರಬ್ಬರಿನಂಥ ವಸ್ತು, ಲೋಹದ ಪೋಸ್ಟ್ ಇವುಗಳಿಂದ ಹುಟ್ಟುವ ಸುಳ್ಳು ಗೆರೆಗಳು ಇದ್ದ ಸೀಳನ್ನು ಮರೆಮಾಡುತ್ತವೆ, ಇಲ್ಲದ್ದನ್ನೂ ತೋರಿಸುತ್ತವೆ.

ಹಾಗಾಗಿ ಒಸಡಿನ ಪರೀಕ್ಷೆಯೇ ನನಗೆ ಮುಖ್ಯವೆನಿಸುತ್ತದೆ. ಮಿಲಿಮೀಟರ್ ಗುರುತಿನ ಪ್ರೋಬ್ ಕಡ್ಡಿ ಹಲ್ಲಿನ ಸುತ್ತ ಎಲ್ಲೆಡೆ 2–3 ಮಿ.ಮೀ. ಇಳಿದು, ಒಂದೇ ಕಡೆ ತಟ್ಟನೆ 8–9 ಮಿ.ಮೀ. ಆಳಕ್ಕೆ ಹೋದರೆ ಶಂಕೆ ಬಲವಾಗುತ್ತದೆ. ಒಸಡು ಕಾಯಿಲೆಯ ಕುಳಿ ಸಾಮಾನ್ಯವಾಗಿ ಅಗಲವಾಗಿರುತ್ತದೆ. ಗುಳ್ಳೆ ಒಸಡಿನ ಅಂಚಿಗೆ ಹತ್ತಿರ ಎದ್ದಿದ್ದರೆ ಅದೂ ಸುಳಿವೇ. ಖಚಿತಪಡಿಸಿಕೊಳ್ಳಲು ಒಸಡನ್ನು ಬಿಡಿಸಿ, ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಹಚ್ಚಿ, ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗಬಹುದು.

ಸೀಳಿದ್ದು ನಿಜವಾದರೆ ಒಂಟಿ ಬೇರಿನ ಹಲ್ಲನ್ನು ಸಾಮಾನ್ಯವಾಗಿ ಕೀಳಲೇಬೇಕು. ದವಡೆ ಹಲ್ಲಿನಲ್ಲಿ ಕೆಲವೊಮ್ಮೆ ಸೀಳಿದ ಬೇರನ್ನಷ್ಟೇ ತೆಗೆಯಬಹುದು. ಆ್ಯಂಟಿಬಯಾಟಿಕ್ ನುಂಗುತ್ತಾ ದಿನ ತಳ್ಳಬೇಡಿ. ಅಷ್ಟರಲ್ಲಿ ಸುತ್ತಲಿನ ಮೂಳೆ ಕರಗಿ, ಮುಂದೆ ಇಂಪ್ಲಾಂಟ್ ಕೂರಿಸುವುದೂ ಕಷ್ಟವಾಗುತ್ತದೆ.